ಪ್ಯಾಸಡೀನಾದ ಬಂಗಲೆ: ಗ್ಯಾಂಬಲ್ ಮನೆಯ ಇತಿಹಾಸ

ಕನ್ನಡದಲ್ಲಿ ‘ಬಂಗಲೆ’ ಎಂಬ ಪದವು ಸಿರಿಯನ್ನೂ ಅಧಿಕಾರವನ್ನೂ ಸೂಚಿಸುತ್ತದೆ. ಕಲೆಕ್ಟರರ ಬಂಗಲೆ, ಕಾಫಿತೋಟದ ದೊರೆಯ ಬಂಗಲೆ ಮುಂತಾದ ಮಾತುಗಳಲ್ಲಿ ಅದು ಗುಡಿಸಲಿಗೆ ವಿರುದ್ಧವಾದ ಪದ. ಆದರೆ ಅದರ ಹುಟ್ಟು ಗುಡಿಸಲಿನಲ್ಲಿಯೇ ಇದೆ. ‘ಬಂಗ್ಲಾ’ ಎಂದರೆ ಬಂಗಾಳದ್ದು. ಅಲ್ಲಿನ ಹಳ್ಳಿಗರು ಕಟ್ಟಿಕೊಳ್ಳುತ್ತಿದ್ದ ಹುಲ್ಲುಮಾಡಿನ, ಒಂದೇ ಅಂತಸ್ತಿನ ಮನೆ. ಈಸ್ಟ್ ಇಂಡಿಯಾ ಕಂಪನಿಯ ಆಂಗ್ಲರು ಆ ಮಾದರಿಯನ್ನು ಹಿಗ್ಗಿಸಿ, ಸುತ್ತ ಜಗಲಿಯಿಟ್ಟು ತಮ್ಮ ವಾಸಕ್ಕೆ ಒಗ್ಗಿಸಿಕೊಂಡರು. ಕನ್ನಡಕ್ಕೆ ಬಂದದ್ದು ಈ ದೊರೆಗಳ ಕಾಲದ ಅರ್ಥ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಪದವು ಕಡಲು ದಾಟಿ ಅಮೆರಿಕವನ್ನು ಸೇರಿತು. ಅಲ್ಲಿ ಸಾಮಾನ್ಯ ಸಂಸಾರವೊಂದರ ಪುಟ್ಟ ಮನೆ ಎಂಬ ಅರ್ಥವನ್ನು ಪಡೆಯಿತು.

ಅಮೆರಿಕದಲ್ಲಿ ಈ ಪದವು ಒಂದು ವಿಚಾರದೊಡನೆ ಬೆರೆಯಿತು. ಯಂತ್ರವು ವಸ್ತುವಿನ ಚೆಲುವನ್ನೂ ದುಡಿಯುವವನ ಘನತೆಯನ್ನೂ ಕಸಿಯುತ್ತಿದೆಯೆಂದು ಇಂಗ್ಲೆಂಡಿನ ಜಾನ್ ರಸ್ಕಿನ್ ಮತ್ತು ವಿಲಿಯಂ ಮಾರಿಸ್ ವಾದಿಸಿದ್ದರು. ಗುಸ್ತಾವ್ ಸ್ಟಿಕ್ಲಿ 1901ರಿಂದ 1916ರವರೆಗೆ ನಡೆಸಿದ ‘ದಿ ಕ್ರಾಫ್ಟ್ಸ್‌ಮನ್’ ಪತ್ರಿಕೆಯು ಆ ವಿಚಾರವನ್ನು ಅಮೆರಿಕದಲ್ಲಿ ಹರಡಿತು. ತಗ್ಗಾದ ಮಾಡು, ಅಗಲವಾದ ಸೂರು, ಹೊರಗೆ ಕಾಣುವ ತೊಲೆಗಳು, ಮುಂಭಾಗದ ಜಗಲಿ ಇವುಗಳಿಂದ ಕೂಡಿದ ಮನೆಗೆ ‘ಕ್ರಾಫ್ಟ್ಸ್‌ಮನ್ ಬಂಗಲೆ’ ಎಂಬ ಹೆಸರು ಆ ಪತ್ರಿಕೆಯಿಂದಲೇ ಬಂದಿತು.

ಈ ಶೈಲಿಯ ಶಿಖರವೆಂದು ಗಣಿತವಾದದ್ದು ಲಾಸ್ ಏಂಜಲೀಸ್‌ಗೆ ಹೊಂದಿದ ಪ್ಯಾಸಡೀನಾದಲ್ಲಿ 1908ರಲ್ಲಿ ಕಟ್ಟಲಾರಂಭಿಸಿದ ಗ್ಯಾಂಬಲ್ ಮನೆ. ಅದನ್ನು ರೂಪಿಸಿದ ಚಾರ್ಲ್ಸ್ ಮತ್ತು ಹೆನ್ರಿ ಗ್ರೀನ್ ಸಹೋದರರು ಬಾಲ್ಯದಲ್ಲಿ ಕೈಕಸುಬಿನ ಶಾಲೆಯಲ್ಲಿ ಮರಗೆಲಸ ಕಲಿತವರು. ಮರಗೆಲಸವನ್ನು ನಿರ್ವಹಿಸಿದವರು ಪೀಟರ್ ಹಾಲ್ ಮತ್ತು ಜಾನ್ ಹಾಲ್ ಎಂಬ ಸೋದರರು. ಬರ್ಮಾದ ತೇಗದ ಅಂಚುಗಳನ್ನು ಕೈಗೆ ಒರಟಾಗದಂತೆ ದುಂಡಗೆ ತೀಡಲಾಗಿದೆ. ಮರದ ಬೆಸುಗೆಗಳನ್ನು ಮರೆಮಾಡದೆ ಅಲಂಕಾರವಾಗಿಯೇ ತೋರಿಸಲಾಗಿದೆ.

ಆದರೆ ಈ ಮನೆಯೊಳಗೆ ಒಂದು ವಿರೋಧವೂ ಅಡಗಿದೆ. ಮಾಲೀಕ ಡೇವಿಡ್ ಗ್ಯಾಂಬಲ್, ಸಾಬೂನಿಗೆ ಹೆಸರಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಕುಟುಂಬದವನು. ಚಳಿಗಾಲದ ವಾಸಕ್ಕೆಂದು ಇದನ್ನು ಕಟ್ಟಿಸಿದನು. ಯಂತ್ರವನ್ನು ನಿರಾಕರಿಸಿದ ಕೈಗಾರಿಕೆಗೆ ಹಣ ಹರಿದುಬಂದದ್ದು ಕಾರ್ಖಾನೆಯಿಂದ. ಅದೇ 1908ರಲ್ಲಿ ಸಿಯರ್ಸ್ ಕಂಪನಿ ತನ್ನ ಮೊದಲ ಮನೆಗಳ ಕ್ಯಾಟಲಾಗನ್ನು ಹೊರತಂದಿತು. ಮುಂದೆ ಕಾರ್ಖಾನೆಯಲ್ಲಿ ಅಳತೆಗೆ ಕೊಯ್ದ ಮರವು ರೈಲಿನಲ್ಲಿ ಊರೂರಿಗೆ ತಲುಪಿ, ಮಧ್ಯಮವರ್ಗದವರೂ ಬಂಗಲೆಯ ಒಡೆಯರಾದರು. ಸಾಮಾನ್ಯನಿಗೆ ಸರಳವಾದ, ಚೆಲುವಾದ ಮನೆ ಎಂಬ ಆದರ್ಶವನ್ನು ಬಹುಜನರಿಗೆ ಮುಟ್ಟಿಸಿದ್ದು ಆ ಆದರ್ಶವು ಶಂಕಿಸಿದ ಯಂತ್ರವೇ.

ಅಭಿರುಚಿ ಬದಲಾದಾಗ ಈ ಮನೆಗಳು ಹಳತೆನಿಸಿದವು. 1940ರ ದಶಕದಲ್ಲಿ ಗ್ಯಾಂಬಲ್ ವಾರಸುದಾರರೂ ಮಾರಾಟದ ಯೋಚನೆ ಮಾಡಿದರು. ಕೊಳ್ಳಬಂದವರು ಒಳಗಿನ ಮರಕ್ಕೆಲ್ಲ ಬಿಳಿಯ ಬಣ್ಣ ಬಳಿಯುವ ಮಾತನ್ನಾಡಿದ್ದರಿಂದ ಹಿಂಜರಿದರೆಂಬ ಕಥೆ ಪ್ರಚಲಿತವಾಗಿದೆ. 1966ರಲ್ಲಿ ಮನೆಯು ನಗರಕ್ಕೂ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ಜಂಟಿಯಾಗಿ ಒಪ್ಪಿತವಾಯಿತು.

ಸಿರಿವಂತರ ಮನೆ ಹೀಗೆ ದಾನದಿಂದ ಉಳಿಯಿತು. ಸಣ್ಣ ಮನೆಗಳಿಗೆ ಆ ಭಾಗ್ಯವಿರಲಿಲ್ಲ. ಅದೇ ಊರಿನ ‘ಬಂಗಲೋ ಹೆವನ್’ ಎಂಬ ಬಡಾವಣೆಯಲ್ಲಿ ನಿವಾಸಿಗಳೇ ಸಂಘಟಿತರಾದರು. 1989ರಲ್ಲಿ ಅದು ಪ್ಯಾಸಡೀನಾದ ಮೊದಲ ಸಂರಕ್ಷಿತ ವಲಯವಾಯಿತು. ಗ್ಯಾಂಬಲ್ ಮನೆ ಇಂದು ದರ್ಶನೀಯ ಸ್ಮಾರಕ; ಬಂಗಲೋ ಹೆವನ್‌ನಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಪದದ ಮೂಲಾರ್ಥಕ್ಕೆ ಹತ್ತಿರವಾಗಿರುವುದು ಈ ಎರಡನೆಯದೇ.