ಟ್ಯಾಬ್ಲೆಟ್ಟಿನ ದನಿ ಮತ್ತ ನಮ್ಮ ಅತ್ತಿಯವರ ಕಿವಿ

ನಮ್ಮ ಮನ್ಯಾಗ ಇಲ್ಲೀತನಕ ಮೂರು ಟ್ಯಾಬ್ಲೆಟ್ ಬಂದಾವ. ಹೊಸಾದು ಬಂದಾಗೆಲ್ಲಾ ಹುಡುಗ್ರು ಸ್ಕ್ರೀನ್ ಎಷ್ಟು ದೊಡ್ಡದು, ಕ್ಯಾಮೆರಾ ಹೆಂಗದ ಅಂತ ನೋಡ್ತಾರ. ಸ್ಪೀಕರ್ ಎಲ್ಲದ ಅಂತ ಯಾರೂ ನೋಡೂದಿಲ್ಲ. ನಾನೂ ನೋಡಿದಾಕಿ ಅಲ್ಲ. ನೋಡಿದ್ರ ನಮ್ಮ ಅತ್ತಿಯವರು ಒಂದು ವರ್ಷ ಸುಮ್ಮನ "ಕಿವುಡಿ" ಅಂತ ಅನ್ನಿಸಿಕೊಳ್ಳೂ ಪ್ರಸಂಗ ಬರ್ತಿರಲಿಲ್ಲ.

ಮೊಮ್ಮಗ ಪರದೇಶದಿಂದ ಐತವಾರ ವಿಡಿಯೋ ಕಾಲ್ ಮಾಡ್ತಾನ. ಅವ ಏನು ಕೇಳಿದ್ರೂ ಅತ್ತಿಯವರದು ಒಂದ ಉತ್ತರ: "ಆರಾಮ ಇದ್ದೀನಪಾ, ಊಟಾ ಮಾಡಿದ್ಯಾ?" ನಾವು ನಗ್ತಿದ್ವಿ. ಆಮ್ಯಾಲೆ ಅವರು ಮಾತಾಡೂದನ್ನ ಬಿಟ್ಟು ಬರೇ ಮಾರಿ ನೋಡಿ ತಲಿ ಹಾಕಲಿಕ್ಕೆ ಸುರು ಮಾಡಿದ್ರು. ಆವಾಗ ನನಗ ಸಂಕಟ ಆತು. ಈ ಸ್ಪೀಕರಿನ ಕಥಿ ತಿಳಕೊಳ್ಳಾಕ ಕೂತದ್ದು ಆ ಕಾರಣಕ್ಕ.

ಸ್ಪೀಕರಿನ ಮೂಲ ರೀತಿ ನೂರು ವರ್ಷದಿಂದ ಬದಲಾಗಿಲ್ಲ. 1925ರಾಗ ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತ ಕೆಲಾಗ್ ಅನ್ನೋ ಇಬ್ಬರು ತೋರಿಸಿಕೊಟ್ಟದ್ದ ಇವತ್ತಿಗೂ ನಡದದ. ಅಯಸ್ಕಾಂತದ ಹತ್ರ ಒಂದು ತಂತಿ ಸುರುಳಿ, ಅದಕ್ಕ ಅಂಟಿದ ತೆಳು ಪರದೆ. ಕರೆಂಟ್ ಹರದಂಗ ಸುರುಳಿ ಹಿಂದ-ಮುಂದ ಅಲಗ್ಯಾಡ್ತದ, ಪರದೆ ಗಾಳೀನ್ನ ದೂಡ್ತದ. ಅದ ಸಪ್ಪಳ.

ಈ ಪರದೆಯ ಬೆನ್ನಿಗೆ ಗಾಳಿ ಆಡಾಕ ಜಾಗಾ ಬೇಕು. 1950ರಾಗ ಸುರುವಾದ ಧಾರವಾಡ ಆಕಾಶವಾಣಿಯನ್ನ ನಾವು ಸಣ್ಣವರಿದ್ದಾಗ ಕಟ್ಟಿಗಿ ಪೆಟಗಿ ರೇಡಿಯೋದಾಗ ಕೇಳ್ತಿದ್ವಿ. ಅದರ ಪರದೇನೂ ದೊಡ್ಡದು, ಪೆಟಗೀನೂ ದೊಡ್ಡದು. ತಂಬೂರಿಯ ಖರ್ಜ ಕೋಣಿ ತುಂಬತಿತ್ತು. ಬಿಗಿ ಮುಚ್ಚಳದ ಸಣ್ಣ ಡಬ್ಬಿ ಒತ್ತಿ ಮುಚ್ಚಾಕ ಹೋದ್ರ ಒಳಗಿನ ಗಾಳಿ ಮುಚ್ಚಳಾನ್ನ ವಾಪಸ್ ಎಬ್ಬಸ್ತದಲ್ಲ, ಟ್ಯಾಬ್ಲೆಟ್ಟಿನೊಳಗ ಪರದೆಯ ಪಾಡೂ ಹಂಗ. ಅದಕ್ಕ ಡಗ್ಗಾದ ಗುಮ್ ಅನ್ನೋ ಪೆಟ್ಟು ಅದರಾಗ ಟಪ್ ಅಂತದ. 1980ರ ದಶಕದಾಗ ನಿಯೋಡೀಮಿಯಮ್ ಅನ್ನೋ ಭಾಳ ಜೋರಿನ ಅಯಸ್ಕಾಂತ ಬಂದದ್ದಕ್ಕ ಇಷ್ಟು ಸಣ್ಣ ಸ್ಪೀಕರಿಗೂ ಶಕ್ತಿ ಬಂತು.

ಇನ್ನ ಟ್ಯಾಬ್ಲೆಟ್ಟಿಗೆ ಬರೋಣ. ಪೀಳಿಗಿ ಪೀಳಿಗಿ ಹೋಲಿಸಿ ನೋಡಾಕ ಐಪ್ಯಾಡ್ ಅನುಕೂಲ. 2010ರ ಮೊದಲನೇದು 13.4 ಮಿಲಿಮೀಟರ್ ದಪ್ಪ, ಒಂದ ಸ್ಪೀಕರ್, ಅದೂ ಕೆಳಗಿನ ಅಂಚಿಗೆ. 2011ರ ಎರಡನೇದು 8.8ಕ್ಕ ಇಳೀತು; ಸ್ಪೀಕರ್ ಒಂದ, ಬೆನ್ನಿನ ಕೆಳಗ ಹೋತು. 2012ರ ಐಪ್ಯಾಡ್ ಮಿನಿ, 2013ರ ಐಪ್ಯಾಡ್ ಏರ್‌ಗೆ ಎರಡೆರಡು ಸ್ಪೀಕರ್ ಬಂದ್ವು. ಆದ್ರ ಎರಡೂ ಕೆಳಗಿನ ಅಂಚಿನಾಗ ಅಕ್ಕಪಕ್ಕ! ಅಡ್ಡ ಹಿಡಿದು ಸಿನಿಮಾ ನೋಡಿದ್ರ ಇಡೀ ಸಪ್ಪಳ ಒಂದ ಬಾಜೂಕಿಂದ ಬರ್ತದ. ಆ ಬಾಜೂ ಅಂಗೈ ಅಡ್ಡ ಬಂದ್ರ ಮುಗೀತು.

ಹಂಗಂತ ಎಲ್ಲಾರೂ ಇದನ್ನ ಮರತಿರಲಿಲ್ಲ. 2012ರ ಗೂಗಲ್ ನೆಕ್ಸಸ್ 10ಕ್ಕ ಸ್ಕ್ರೀನಿನ ಎಡಕ್ಕ ಬಲಕ್ಕ, ನಮ್ಮ ಮಾರಿಗೆ ಎದುರಾಗೇ ಸ್ಪೀಕರ್ ಇದ್ದು. 2015ರಾಗ ಬಂದ ದೊಡ್ಡ ಐಪ್ಯಾಡ್ ಪ್ರೋಗೆ ನಾಕು ಮೂಲಿಗೆ ನಾಕು ಸ್ಪೀಕರ್. ದಪ್ಪ ಸ್ವರ ನಾಕೂ ಸೇರಿ ನುಡಿಸ್ತಾವ. ಸಣ್ಣ ಸ್ವರ ಮ್ಯಾಲಿನ ಎರಡಕ್ಕ ಹೋಗ್ತದ. ನೀವು ಹೆಂಗ ತಿರುಗಿಸಿ ಹಿಡಿದ್ರೂ ಆವಾಗ ಮ್ಯಾಲೆ ಯಾವ ಎರಡು ಅವನೋ ಅವಕ್ಕ ಅದ ಬದಲಾಯಿಸಿ ಕೊಡ್ತದ. 2017ರಾಗ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್3ಕ್ಕೂ ನಾಕು ಬಂದ್ವು. ಕಡಿಮಿ ರೇಟಿನ ಸಾದಾ ಐಪ್ಯಾಡಿಗೆ ಮಾತ್ರ ಅಡ್ಡ ಹಿಡದಾಗ ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಸಿಗಾಕ 2022ರ ಹತ್ತನೇ ಪೀಳಿಗಿ ತನಕ ಕಾಯಬೇಕಾತು.

ಇದರಾಗ ನನಗ ಕಂಡದ್ದು ಏನಂದ್ರ, ದಪ್ಪ ಕಡಿಮಿ ಆಗಿ ದನಿ ಕೆಡಬೇಕಿತ್ತು, ಆದ್ರ ಛಲೋ ಆತು. 2024ರ 13 ಇಂಚಿನ ಐಪ್ಯಾಡ್ ಪ್ರೋ ಬರೇ 5.1 ಮಿಲಿಮೀಟರ್, ಆದ್ರೂ ನಾಕು ಸ್ಪೀಕರ್ ಅವ. ಜೋರು ಎಷ್ಟು ಅನ್ನೂದಕ್ಕಿಂತ ತೂತು ಎಲ್ಲಿ, ಯಾವ ಕಡೆ ಮಾರಿ ಮಾಡ್ಯಾವ ಅನ್ನೂದೂ ಅಷ್ಟ ದೊಡ್ಡ ಮಾತು.

ಯಾಕಂದ್ರ ದಪ್ಪ ಸ್ವರ ಅಡ್ಡ ಬಂದದ್ದನ್ನ ಸುತ್ತಿ ಬರ್ತದ. ಸಣ್ಣ ಸ್ವರ ಟಾರ್ಚಿನ ಬೆಳಕಿನಂಗ ನೆಟ್ಟಗ ಹೋಗ್ತದ. ಸ, ಶ, ತ, ಕ ಇಂಥಾ ಅಕ್ಷರದ ಗುರ್ತು ಇರೂದು ಈ ಸಣ್ಣ ಸ್ವರದಾಗ. ವಯಸ್ಸಾದ ಕಿವಿ ಮೊದಲ ಕಳಕೊಳ್ಳೂದೂ ಇದನ್ನ. ಅದಕ್ಕ ಅವರಿಗೆ ದನಿ ಕೇಳ್ತದ, ಮಾತು ತಿಳಿಯೂದಿಲ್ಲ. ನಾವು ಜೋರು ಹೆಚ್ಚು ಮಾಡಿದ್ರ ದಪ್ಪ ಸ್ವರ ಗದ್ದಲ ಹಾಕ್ತದ ಅಷ್ಟ.

ನಮ್ಮನಿ ಟ್ಯಾಬ್ಲೆಟ್ಟಿನ ಎರಡೂ ತೂತು ಒಂದ ಬಾಜೂ ಅವ. ಅತ್ತಿಯವರ ಮಂಚದ ಮ್ಯಾಲೆ ಲೋಡಿಗೆ ಆನಿಸಿ ಇಡ್ತಿದ್ದೆ. ಆ ಬಾಜೂ ಕೌದಿಯೊಳಗ ಹುಗದಿರತಿತ್ತು. ಉಳಿದಿದ್ದ ಅಷ್ಟಿಷ್ಟು ಸಣ್ಣ ಸ್ವರಾನೂ ಕೌದಿ ಕುಡೀತಿತ್ತು. ಮುಂದಿನ ಐತವಾರ ಅದನ್ನ ಸ್ಟೂಲಿನ ಮ್ಯಾಲೆ ಉದ್ದಕ ನಿಲ್ಲಿಸಿ, ತೂತು ಇರೋ ಅಂಚು ಮ್ಯಾಲೆ ಮಾಡಿ, ಅವರ ಮಾರಿ ಹತ್ರ ಇಟ್ಟೆ. ಚಿತ್ರ ತಾನ ನೆಟ್ಟಗ ಆತು. ಮೊಮ್ಮಗ ಸಾರಿನ ಪುಡಿ ಮಾಡಿದ್ದು ಹೇಳಿದ. ಅತ್ತಿಯವರು ಕೂಡ್ಲೇ, "ಕೊತ್ತಂಬರಿ ಬ್ಯಾರೆ ಹುರಿದಿಲ್ಲೋ? ಒಟ್ಟಿಗೆ ಹಾಕಿದ್ರ ಮೆಂತೆ ಸೀದು ಕಹಿ ಆಗ್ತದ" ಅಂದ್ರು. ಅವ ಒಂದು ಗಳಿಗಿ ಸುಮ್ಮನಾದ. ನಾ ಒಳಗ ಹೋಗಿ ಕಣ್ಣು ಒರಸಿಕೊಂಡೆ.

ಅವರಿಗೆ ಕಿವಿ ಮಂದ ಆಗಿಲ್ಲ ಅನ್ನೂದಿಲ್ಲ. ಆಗೇದ, ಡಾಕ್ಟರಿಗೂ ತೋರಿಸೇವಿ. ಆದ್ರ ಅಕ್ಕಂದಿರ, ವೈನಿಗೋಳ, ಮನ್ಯಾಗಿನ ಹಿರೇರಿಗೆ ಕೇಳೂದಿಲ್ಲ ಅನ್ನೂಕಿಂತ ಮೊದಲ ನಿಮ್ಮ ಟ್ಯಾಬ್ಲೆಟ್ ಕೈಯಾಗ ತಗೊಂಡು ತೂತು ಎಲ್ಲಿ ಅವ ನೋಡ್ರಿ. ಕವರ್ ಮುಚ್ಚಿದ್ರ ಬಿಚ್ಚರಿ. ಹಿಟ್ಟಿನ ಧೂಳು ತುಂಬಿದ್ರ ಒಣಾ ಬ್ರಶ್ಶಿಲೆ ಮೆತ್ತಗ ಒರಸ್ರಿ. ಹೊಸಾದು ತಗೋಳಾಕ ಹೋದ್ರ ಅಂಗಡ್ಯಾಗ ಅಡ್ಡ ಹಿಡಿದು, ಹಾಡು ಬ್ಯಾಡ, ಯಾರರೆ ಮಾತಾಡೂದನ್ನ ಹಚ್ಚಿಸಿ ಕೇಳ್ರಿ. ಅದರಾಗ ಸ, ಶ ಬ್ಯಾರೆ ಬ್ಯಾರೆ ಕೇಳಿದ್ರ ತಗೋರಿ.