ಕ್ಯಾಮೆರಾ ಕಂಡ ಕಾಡು: ಟೆಲಿವಿಷನ್ನಿನ ‘ಬದುಕುಳಿಯುವ’ ಪಾಠಗಳ ಒಂದು ಪರಿಶೀಲನೆ

2009ರ ಜೂನ್ ತಿಂಗಳಲ್ಲಿ ಅಮೆರಿಕದ ಯೂಟಾ ರಾಜ್ಯದ ಆಶ್ಲಿ ರಾಷ್ಟ್ರೀಯ ಅರಣ್ಯದಲ್ಲಿ 9 ವರ್ಷದ ಹುಡುಗನೊಬ್ಬ ಮನೆಯವರಿಂದ ತಪ್ಪಿಸಿಕೊಂಡ. ತೊಟ್ಟಿದ್ದ ಹಳದಿ ಮಳೆಯಂಗಿಯನ್ನು ಚೂರುಚೂರಾಗಿ ಹರಿದು, ನಡೆದ ದಾರಿಯುದ್ದಕ್ಕೂ ಗುರುತಿಗೆಂದು ಕಟ್ಟುತ್ತ ಹೋದ. ಸುಮಾರು 18 ಗಂಟೆಗಳ ಬಳಿಕ ಹುಡುಕುವವರ ಕೈಗೆ ಸುರಕ್ಷಿತವಾಗಿ ಸಿಕ್ಕ. ಈ ಉಪಾಯ ಹೇಳಿಕೊಟ್ಟವರು ಯಾರೆಂದು ಕೇಳಿದರೆ ಡಿಸ್ಕವರಿ ವಾಹಿನಿಯ ‘ಮ್ಯಾನ್ ವರ್ಸಸ್ ವೈಲ್ಡ್’ ಎಂದ.

ಟೆಲಿವಿಷನ್ ಕಾಡಿನ ವಿದ್ಯೆ ಕಲಿಸುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆದರೆ ಅದೇ ಹುಡುಗ ಅದೇ ಕಾರ್ಯಕ್ರಮದ ನಾಯಕನಂತೆ ತೊರೆಯ ಜಾಡು ಹಿಡಿದು ನಡೆಯುತ್ತಲೇ ಇದ್ದ. ದಾರಿ ತಪ್ಪಿದ ಮಗು ಇದ್ದಲ್ಲೇ ಇರಬೇಕು, ಸಾಧ್ಯವಾದರೆ ಒಂದು ಮರವನ್ನು ತಬ್ಬಿಕೊಂಡು ಕೂರಬೇಕು ಎಂಬುದು ಅಮೆರಿಕದ ಶೋಧಕಾರ್ಯಕರ್ತರು ಶಾಲೆಗಳಲ್ಲಿ ಹೇಳಿಕೊಡುವ ಮೊದಲ ಪಾಠ. ನಡೆದಷ್ಟೂ ಹುಡುಕಬೇಕಾದ ಪ್ರದೇಶ ಹಿಗ್ಗುತ್ತದೆ. ಹೀಗೆ ಒಂದೇ ಕಾರ್ಯಕ್ರಮದಿಂದ ಹುಡುಗ ಒಂದು ಒಳ್ಳೆಯ ಪಾಠವನ್ನೂ ಒಂದು ಅಪಾಯದ ಪಾಠವನ್ನೂ ಕಲಿತಿದ್ದ. ಎರಡನ್ನೂ ಬೇರ್ಪಡಿಸಿ ಕೊಡುವವರು ಪರದೆಯ ಮೇಲೆ ಯಾರೂ ಇರಲಿಲ್ಲ.

ಈ ಬೆರಕೆ ಆಕಸ್ಮಿಕವಲ್ಲ. ಪಾಠ ಎಂಥದ್ದಾಗುತ್ತದೆ ಎಂಬುದು ಕ್ಯಾಮೆರಾ ಯಾರ ಕೈಯಲ್ಲಿದೆ ಎನ್ನುವುದರ ಮೇಲೆ ನಿಂತಿದೆ ಎಂಬುದು ಈ ಲೇಖನದ ವಾದ.

‘ಮ್ಯಾನ್ ವರ್ಸಸ್ ವೈಲ್ಡ್’ 2006ರಿಂದ 2011ರವರೆಗೆ ಪ್ರಸಾರವಾಯಿತು. ನಾಯಕ ಬೇರ್ ಗ್ರಿಲ್ಸ್ ಬ್ರಿಟಿಷ್ ಸೇನೆಯ ವಿಶೇಷ ಪಡೆಯ ಮೀಸಲು ದಳದಲ್ಲಿದ್ದವರು, 1998ರಲ್ಲಿ ಎವರೆಸ್ಟ್ ಏರಿದವರು. ಅವರ ಕಸುವನ್ನು ಯಾರೂ ಅನುಮಾನಿಸಬೇಕಿಲ್ಲ. ಅನುಮಾನ ಎದ್ದದ್ದು ತೋರಿಸುವ ರೀತಿಯ ಬಗ್ಗೆ. ಕಾಡಿನಲ್ಲಿ ಒಂಟಿಯಾಗಿದ್ದಾರೆಂದು ತೋರಿಸಿದ ಕೆಲವು ರಾತ್ರಿಗಳನ್ನು ಅವರು ವಸತಿಗೃಹದಲ್ಲಿ ಕಳೆದಿದ್ದರೆಂಬ ಸುದ್ದಿ 2007ರಲ್ಲಿ ಹೊರಬಿತ್ತು. ಆಮೇಲೆ ಕಾರ್ಯಕ್ರಮಕ್ಕೆ ಒಂದು ಸೂಚನೆ ಅಂಟಿಕೊಂಡಿತು: ತಂಡ ನೆರವು ನೀಡುತ್ತದೆ, ಕೆಲವು ಸನ್ನಿವೇಶಗಳನ್ನು ತೋರಿಸುವುದಕ್ಕೆಂದೇ ಒದಗಿಸಲಾಗುತ್ತದೆ ಎಂದು. ಪತ್ರಿಕೆಗಳು ಇದನ್ನು ಮೋಸ ಎಂದು ಕರೆದು ಸುಮ್ಮನಾದವು. ಹೋಟೆಲಿನಲ್ಲಿ ಮಲಗಿದ್ದು ನಿಜಕ್ಕೂ ಸಣ್ಣ ವಿಷಯ. ಜೊತೆಗೊಂದು ಚಿತ್ರೀಕರಣ ತಂಡ ಇದೆ ಎಂದಾಗ ನಾಯಕ ಚಲಿಸಲೇಬೇಕಾಗುತ್ತದೆ ಎನ್ನುವುದೇ ದೊಡ್ಡ ವಿಷಯ. ಮರದ ಬುಡದಲ್ಲಿ 6 ಗಂಟೆ ಕೂತು ಮೈ ಬೆಚ್ಚಗಿಟ್ಟುಕೊಳ್ಳುವವನನ್ನು ಯಾವ ವಾಹಿನಿ ತೋರಿಸೀತು? ಹಾಗಾಗಿ ಕಂದರಕ್ಕೆ ಇಳಿಯಬೇಕು, ಹೊಳೆಗೆ ಧುಮುಕಬೇಕು, ಹುಳು ಜಗಿಯಬೇಕು. ಗ್ರಿಲ್ಸ್ ತಮ್ಮ ಮೂತ್ರವನ್ನೇ ಕುಡಿದ ದೃಶ್ಯ ಜಗತ್ಪ್ರಸಿದ್ಧವಾಯಿತು. ಅಮೆರಿಕದ ಸೇನೆಯ ಬದುಕುಳಿಯುವ ಕೈಪಿಡಿಯಾದರೋ ಕುಡಿಯಬಾರದ ದ್ರವಗಳ ಪಟ್ಟಿಯಲ್ಲಿ ಸಮುದ್ರದ ನೀರು, ರಕ್ತಗಳ ಜೊತೆಗೆ ಮೂತ್ರವನ್ನೂ ಇಟ್ಟಿದೆ. ಉಪ್ಪು ಮತ್ತು ದೇಹ ಹೊರಹಾಕಿದ ಕಶ್ಮಲ ತುಂಬಿದ ನೀರು ಬಾಯಾರಿಕೆಯನ್ನು ಹೆಚ್ಚಿಸುತ್ತದೆಯೇ ಹೊರತು ತಣಿಸುವುದಿಲ್ಲ.

ಇದಕ್ಕೆ ಎದುರಾಗಿ ಕೆನಡಾದ ಲೆಸ್ ಸ್ಟ್ರೌಡ್ ಅವರ ‘ಸರ್ವೈವರ್‌ಮ್ಯಾನ್’ ಇದೆ. ಏಳು ದಿನ ಒಬ್ಬರೇ; ಚಿತ್ರೀಕರಣವೂ ಅವರದ್ದೇ. ಅವರು ದೂರಕ್ಕೆ ನಡೆದು ಮರೆಯಾಗುವ ದೃಶ್ಯವನ್ನು ನೋಡುವಾಗ ಒಂದು ಮಾತು ನೆನಪಿಡಬೇಕು: ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿದವರು ಅವರೇ, ಅದನ್ನು ತರಲು ಅಷ್ಟು ದೂರ ವಾಪಸು ಬಂದವರೂ ಅವರೇ. ಒಂದು ದಾರಿಗೆ ಮೂರು ಸಲ ನಡಿಗೆ, ಅದೂ ಹಸಿದ ಹೊಟ್ಟೆಯಲ್ಲಿ. ಸಹಜವಾಗಿಯೇ ಅವರ ಕಂತುಗಳಲ್ಲಿ ಧುಮುಕಾಟ ಕಡಿಮೆ; ಗೊಣಗಾಟ, ಚಳಿ, ಬೇಸರ ಹೆಚ್ಚು.

2015ರಲ್ಲಿ ಹಿಸ್ಟರಿ ವಾಹಿನಿ ಆರಂಭಿಸಿದ ‘ಅಲೋನ್’ ಇದೇ ತತ್ತ್ವವನ್ನು ಸ್ಪರ್ಧೆಯಾಗಿಸಿತು. ಸ್ಪರ್ಧಿಗಳು ಆರಿಸಿದ 10 ಸಾಮಾನುಗಳೊಂದಿಗೆ ಬೇರೆ ಬೇರೆ ಜಾಗಗಳಲ್ಲಿ ಒಬ್ಬೊಬ್ಬರಾಗಿ ಉಳಿಯಬೇಕು, ತಮ್ಮನ್ನು ತಾವೇ ಚಿತ್ರಿಸಿಕೊಳ್ಳಬೇಕು. ವ್ಯಾಂಕೂವರ್ ದ್ವೀಪದ ಮೊದಲ ಸರಣಿಯಲ್ಲಿ ಗೆದ್ದವರು 56 ದಿನ ಉಳಿದರು. ಒಬ್ಬರು ಕರಡಿಯ ಭಯಕ್ಕೆ ಮೊದಲ ರಾತ್ರಿಯೇ ಮನೆಗೆ ಹೊರಟರು. ಪ್ಯಾಟಗೋನಿಯಾದ ಮೂರನೆಯ ಸರಣಿಯಲ್ಲಿ ಒಬ್ಬ ಮಹಿಳೆಯನ್ನು 86ನೆಯ ದಿನ ವೈದ್ಯರು ಹೊರಗೆ ಕರೆದರು. ಅವರು ಸೋತಿರಲಿಲ್ಲ, ಮೈಯ ತೂಕ ಅಪಾಯದ ಗೆರೆಗಿಂತ ಕೆಳಗಿಳಿದಿತ್ತು. ಆರನೆಯ ಸರಣಿಯ ಜೋರ್ಡನ್ ಜೋನಸ್ ಬಿಲ್ಲುಬಾಣದಿಂದ ಮೂಸ್ ಎಂಬ ದೈತ್ಯ ಜಿಂಕೆಯನ್ನು ಹೊಡೆದರು. ರಾಶಿ ಮಾಂಸ ಕೂಡಿತು. ಆದರೆ ವುಲ್ವರೀನ್ ಎಂಬ ಪ್ರಾಣಿ ಬಂದು ಕೊಬ್ಬನ್ನು ಕದ್ದೊಯ್ದಿತು. ಕೊಬ್ಬಿಲ್ಲದ ಮಾಂಸವನ್ನಷ್ಟೇ ತಿಂದು ಮನುಷ್ಯ ಬಹುಕಾಲ ಬಾಳಲಾರ ಎಂಬ ಶರೀರಶಾಸ್ತ್ರದ ಪಾಠ ಆ ಕಳವಿನಿಂದ ವೀಕ್ಷಕರಿಗೆ ಮನದಟ್ಟಾಯಿತು. ಇದು ನಿಜವಾದ ಜ್ಞಾನ.

ಜ್ಞಾನ ಹೌದು, ವಿದ್ಯೆಯೇ? ಇಲ್ಲಿ ಬೆಂಕಿಯ ಉದಾಹರಣೆ ತೆಗೆದುಕೊಳ್ಳಬಹುದು. ಮರಕ್ಕೆ ಮರ ಉಜ್ಜಿ ಕಿಡಿ ಎಬ್ಬಿಸುವುದು ಇಂಥ ಕಾರ್ಯಕ್ರಮಗಳ ಖಾಯಂ ಅಂಕ. ಕಿರುಬಿಲ್ಲಿನ ಹುರಿಗೆ ಸುತ್ತಿದ ಕಡ್ಡಿ, ಅಡಿಯಲ್ಲಿ ಒಣಹಲಗೆ, ಹಲಗೆಯ ಅಂಚಿನಲ್ಲೊಂದು ಕಚ್ಚು. ಎಳೆದಾಗ ಕಚ್ಚಿನಿಂದ ಉದುರುವ ಪುಡಿ ತಿಳಿಕಂದು ಬಣ್ಣದ್ದಾದರೆ ಒತ್ತು ಸಾಲದು. ಕಪ್ಪಗೆ ಉದುರಿ ಗುಪ್ಪೆಯಾದರೆ ಆಸೆ ಉಂಟು. ಹೊಗೆ ಕಂಡೊಡನೆ ಹಿಗ್ಗಿ ಕೈ ನಿಲ್ಲಿಸಿದವನು ಕೆಟ್ಟ. ಹಣೆಯ ಬೆವರು ಒಂದು ಹನಿ ಪುಡಿಯ ಮೇಲೆ ಬಿದ್ದರೆ ಮತ್ತೆ ಮೊದಲಿಂದ. ಹುಟ್ಟಿದ ಕೆಂಡವನ್ನು ನಾರಿನ ಗೂಡಿಗೆ ಜಾರಿಸಿ ಊದುವಾಗ ಉಸಿರು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಯಜ್ಞದ ಅರಣಿ ಇದೇ ವಿದ್ಯೆಯ ಮತ್ತೊಂದು ರೂಪ. 1975ರಲ್ಲಿ ಕೇರಳದ ಪಾಂಞಾಳ್‌ನಲ್ಲಿ ನಂಬೂದಿರಿಗಳು 12 ದಿನ ನಡೆಸಿದ ಅಗ್ನಿಚಯನವನ್ನು ವಿದ್ವಾಂಸ ಫ್ರಿಟ್ಸ್ ಸ್ಟಾಲ್ ದಾಖಲಿಸಿದರು. ಅರಣಿ ಮಥನಕ್ಕೆ ಒಬ್ಬರು ಮೇಲಿನಿಂದ ಅದುಮಿ ಹಿಡಿಯಬೇಕು, ಇನ್ನೊಬ್ಬರು ಮಜ್ಜಿಗೆ ಕಡೆಯುವಂತೆ ಹಗ್ಗ ಎಳೆಯಬೇಕು. ಮರ ಜೋಪಾನವಾಗಿ ಒಣಗಿಸಿಟ್ಟದ್ದು, ಕೈಗಳು ಪಳಗಿದವು. ಟಿವಿಯಲ್ಲಿ ಇಷ್ಟಕ್ಕೆ ಸಿಗುವುದು ಅರ್ಧ ನಿಮಿಷ.

ನೋಡಿದ ಮಾತ್ರಕ್ಕೆ ಕೈಗೆ ಬರುತ್ತದೆಯೇ ಎಂಬುದನ್ನು ಮನಃಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. ಮೈಕಲ್ ಕಾರ್ಡಸ್ ಮತ್ತು ಎಡ್ ಓಬ್ರಯನ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಡಾರ್ಟ್ ಎಸೆತ, ಮೂನ್‌ವಾಕ್ ಕುಣಿತ, ತಟ್ಟೆಗಳು ಅಲುಗದಂತೆ ಮೇಜಿನ ಬಟ್ಟೆ ಸೆಳೆಯುವ ಚಮತ್ಕಾರ ಮುಂತಾದವು ಇದ್ದವು. ವಿಡಿಯೊವನ್ನು 20 ಸಲ ನೋಡಿದವರು ಒಮ್ಮೆ ನೋಡಿದವರಿಗಿಂತ ಹೆಚ್ಚು ಆತ್ಮವಿಶ್ವಾಸ ತೋರಿದರು. ಮಾಡಿ ತೋರಿಸುವಾಗ ಹೆಚ್ಚೇನೂ ಚೆನ್ನಾಗಿ ಮಾಡಲಿಲ್ಲ. 2022ರ ಇನ್ನೊಂದು ಅಧ್ಯಯನದಲ್ಲಿ ವಿಮಾನ ಇಳಿಸುವ ವಿಡಿಯೊವನ್ನು ನಾಲ್ಕು ನಿಮಿಷದಷ್ಟು ನೋಡಿದವರಲ್ಲಿ, ತಾವೂ ಇಳಿಸಬಲ್ಲೆವೆಂಬ ನಂಬಿಕೆ ಏರಿತು. ಪೈಲಟ್ ಕೈಯಲ್ಲಿ ಏನು ಮಾಡುತ್ತಿದ್ದಾನೆ ಎಂಬುದು ಆ ವಿಡಿಯೊದಲ್ಲಿ ಕಾಣುತ್ತಲೂ ಇರಲಿಲ್ಲ! ಕಾಡಿನ ವಿಷಯದಲ್ಲಿ ಈ ಹುಸಿಧೈರ್ಯಕ್ಕೆ ಬೆಲೆ ತೆರಬೇಕಾಗುತ್ತದೆ. ಗ್ರಿಲ್ಸ್ ಅವರದೇ ಮತ್ತೊಂದು ಕಾರ್ಯಕ್ರಮದಲ್ಲಿ 2015ರಲ್ಲಿ ಸ್ಪರ್ಧಿಗಳು ಕೇಮನ್ ಎಂದು ಭಾವಿಸಿ ಕೊಂದು ತಿಂದದ್ದು ಸಂರಕ್ಷಿತ ಜಾತಿಯ ಅಮೆರಿಕನ್ ಮೊಸಳೆಯನ್ನು.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ಬಂಡೀಪುರದ ಮೂಲಕ ಮನೆಬಾಗಿಲಿಗೇ ಬಂತು. 2020ರ ಜನವರಿಯಲ್ಲಿ ಗ್ರಿಲ್ಸ್ ಇಲ್ಲಿ ರಜನೀಕಾಂತ್ ಮತ್ತು ಅಕ್ಷಯ್ ಕುಮಾರ್ ಜೊತೆ ಎರಡು ಕಂತು ಚಿತ್ರಿಸಿದರು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನೀಕಾಂತ್ ಅವರ ಕಂತು ಪ್ರಸಾರವಾದದ್ದು ಮಾರ್ಚ್ 23ರಂದು. ಎರಡೇ ದಿನದಲ್ಲಿ ಕೊರೊನಾ ಲಾಕ್‌ಡೌನ್ ಬಂದು ದೇಶವೇ ಮನೆಯೊಳಗೆ ಬದುಕುಳಿಯುವುದನ್ನು ಕಲಿಯಬೇಕಾಯಿತು. ಅದಿರಲಿ. ಬಂಡೀಪುರ ಸಾಮಾನ್ಯ ಪ್ರವಾಸಿಗ ಸಫಾರಿ ವಾಹನದಿಂದ ಕಾಲು ಕೆಳಗಿಡಬಾರದ ಕಾಡು. ರಾತ್ರಿ ಹೆದ್ದಾರಿಯನ್ನೇ ಮುಚ್ಚುವ ಕಾಡು. ಹಿಂದಿನ ವರ್ಷದ ಫೆಬ್ರವರಿಯಲ್ಲಷ್ಟೇ ಸಾವಿರಾರು ಎಕರೆ ಉರಿದಿದ್ದ ಕಾಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಹೊಕ್ಕರೂ, ಬೆಂಕಿ ಹೊತ್ತಿಸಿದರೂ, ಉರುಳು ಒಡ್ಡಿದರೂ ಅಪರಾಧ. ಟಿವಿಯ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿದ ಶಿಷ್ಯ ಇಲ್ಲಿ ಅರಣ್ಯ ಇಲಾಖೆಯ ಅತಿಥಿಯಾಗುತ್ತಾನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರೋ ನಾಗರಹೊಳೆಯ ಜೇನುಕುರುಬರೋ ಗೆಡ್ಡೆ ಅಗೆಯುವುದಕ್ಕೆ ಯಾವ ಸಾಹಸದ ಹೆಸರೂ ಇಲ್ಲ. ಕಾಡುಗೆಣಸಿನ ಕೆಲವು ಜಾತಿಗಳನ್ನು ಸುಟ್ಟು ತಿನ್ನಬಹುದು, ಕೆಲವನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ ವಿಷ ಬಿಡಿಸದೆ ಬಾಯಿಗಿಡಬಾರದು. ಬಳ್ಳಿ ನೋಡಿ ಇದನ್ನು ಹೇಳಬಲ್ಲ ಕಣ್ಣು ಅಜ್ಜಿಯ ಹಿಂದೆ ತಿರುಗಾಡಿ ಬಂದದ್ದು.

ಅಂಥ ಕಣ್ಣು ಏನು ಮಾಡಬಲ್ಲದು ಎಂಬುದಕ್ಕೆ 2023ರ ಕೊಲಂಬಿಯಾದ ಘಟನೆ ಸಾಕ್ಷಿ. ಮೇ 1ರಂದು ಅಮೆಜಾನ್ ಕಾಡಿನಲ್ಲಿ ಸಣ್ಣ ವಿಮಾನವೊಂದು ಬಿದ್ದು, ಅದರಲ್ಲಿದ್ದ ದೊಡ್ಡವರೆಲ್ಲ ಸತ್ತರು. ಉಳಿದವರು ಹುಯಿಟೊಟೊ ಬುಡಕಟ್ಟಿನ ನಾಲ್ವರು ಮಕ್ಕಳು. ಹಿರಿಯಳಿಗೆ 13 ವರ್ಷ, ಕಿರಿಯದು ಹಸುಗೂಸು. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು ಮುಗಿದ ಮೇಲೆ ಪರಿಚಿತ ಹಣ್ಣು, ಬೀಜಗಳೇ ಆಹಾರ. 40 ದಿನ ಹಾಗೆ ಉಳಿದರು. ಸೈನಿಕರು ಮತ್ತು ಆದಿವಾಸಿ ಸ್ವಯಂಸೇವಕರು ಒಟ್ಟಾಗಿ ಹುಡುಕುತ್ತಿದ್ದಾಗ ಹೆಲಿಕಾಪ್ಟರಿನಿಂದ ಧ್ವನಿವರ್ಧಕದಲ್ಲಿ ಮಕ್ಕಳ ಅಜ್ಜಿಯ ದನಿಯನ್ನು ಅವರದೇ ಭಾಷೆಯಲ್ಲಿ ಕಾಡಿನ ಮೇಲೆಲ್ಲ ಕೇಳಿಸಲಾಯಿತು. ಇನ್ನು ನಡೆಯಬೇಡಿ, ಇದ್ದಲ್ಲೇ ಇರಿ ಎಂಬುದು ಅಜ್ಜಿ ಹೇಳಿದ್ದ ಮಾತು. ಜೂನ್ 9ರಂದು ಮಕ್ಕಳು ಸಿಕ್ಕಿದ್ದು ವಿಮಾನ ಬಿದ್ದ ಜಾಗದಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ.