ನವೆಂಬರ್ 14ರ ಆ ಪತ್ರಕ್ಕೆ ಉತ್ತರ ಬರಲಿಲ್ಲ

ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮಾಲೇಕಲ್ಲು ತಿರುಪತಿ ಬೆಟ್ಟ ಕಿಟಕಿಯಿಂದ ಕಾಣ್ತಿದ್ದ ಒಂದು ಹಾಸ್ಟೆಲಿನಲ್ಲಿ ನಾನು ಓದಿದ್ದು. 1990ರ ದಶಕದ ಮಾತು. ಯಾವ ಹಾಸ್ಟೆಲ್, ವಾರ್ಡನ್ ಯಾರು ಅನ್ನೋದು ಈಗ ಬೇಡ. ಹೇಳಬೇಕಾಗಿರೋದು ಇನ್‌ಸ್ಪೆಕ್ಷನ್ ದಿನದ ಬಗ್ಗೆ.

ಸಾಹೇಬರು ಬರ್ತಾರೆ ಅಂತ ಹಿಂದಿನ ದಿನವೇ ನಮಗೆ ಗೊತ್ತಾಗ್ತಿತ್ತು. ಬೀರುವಿನಲ್ಲಿದ್ದ ಹೊಸ ಜಮಖಾನಗಳು ಆಚೆ ಬರ್ತಿದ್ವು. ಕಕ್ಕಸಿಗೆ ಫಿನಾಯಿಲ್ ಬೀಳ್ತಿತ್ತು. ಸಾರಿನಲ್ಲಿ ಬೇಳೆ ಕಾಣ್ತಿತ್ತು. ಸಾಹೇಬರು ಬಾಗಿಲಲ್ಲಿ ನಿಂತು "ಊಟ ಚೆನ್ನಾಗೈತೇನ್ರೋ?" ಅಂತ ಕೇಳೋರು. ಹಿಂದೆ ವಾರ್ಡನ್ ನಿಂತಿರೋರು. "ಚೆನ್ನಾಗೈತೆ ಸಾ" ಅಂತ ಎಲ್ಲರೂ ಒಟ್ಟಿಗೆ ಕೂಗ್ತಿದ್ವಿ.

ಒಂದ್ಸಲ ನನಗಿಂತ ಎರಡು ಕ್ಲಾಸ್ ಕೆಳಗಿದ್ದ ಹುಡುಗ ಎದ್ದು ನಿಂತ. "ದಿನಾ ಹಿಂಗಿರಲ್ಲ ಸಾ. ಹಿಟ್ಟಲ್ಲಿ ಹುಳ ಇರ್ತವೆ" ಅಂದುಬಿಟ್ಟ. ಸಾಹೇಬರು ನಕ್ಕು ವಾರ್ಡನ್ ಕಡೆ ನೋಡಿದ್ರು. ಆಮೇಲೆ "ಬೇರೆ ಯಾರಿಗಾದ್ರೂ ತೊಂದ್ರೆ ಇದೆಯಾ?" ಅಂದ್ರು. ಹುಳ ನಾನೂ ನೋಡಿದ್ದೆ. ಆದರೆ ತಲೆ ತಗ್ಗಿಸಿಕೊಂಡು ಮುದ್ದೆ ಮುರೀತಾ ಕೂತೆ. ಹದಿನೈದು ದಿನದೊಳಗೆ ಆ ಹುಡುಗ ಟ್ರಂಕು ಹೊತ್ಕೊಂಡು ಊರಿಗೆ ಹೋದ, ವಾಪಸ್ ಬರಲಿಲ್ಲ. ಈಗ ತೆಂಗಿನಕಾಯಿ ಸುಲಿಯೋ ಕೆಲಸ ಮಾಡ್ತಾನೆ. ಸಂತೇಲಿ ಸಿಕ್ಕರೆ "ಏನಣ್ಣ, ಚೆನ್ನಾಗಿದ್ದೀಯಾ" ಅಂತ ಅವನೇ ಮಾತಾಡಿಸ್ತಾನೆ. ಅವನ ಮುಖ ನೋಡೋದು ನನಗೇ ಕಷ್ಟ.

ನಾನೀಗ ಗುಮಾಸ್ತ. ಸಭಾ ನಡವಳಿ ಟೈಪ್ ಮಾಡೋದು ನನ್ನ ಕೆಲಸ. 'ಮಕ್ಕಳೊಂದಿಗೆ ಸಮಾಲೋಚಿಸಲಾಯಿತು, ಯಾವುದೇ ದೂರು ಬಂದಿರುವುದಿಲ್ಲ' ಅನ್ನೋ ಸಾಲು ಹೇಗೆ ಹುಟ್ಟುತ್ತೆ ಅಂತ ನನಗೆ ಎರಡೂ ಕಡೆಯಿಂದ ಗೊತ್ತು.

ಅವತ್ತು ಸಾಹೇಬರ ಪಕ್ಕದಲ್ಲಿ, ಅಂಥದೇ ಹಾಸ್ಟೆಲಿನಲ್ಲಿ ಬೆಳೆದು ಹೊರಗೆ ಬಂದ ಇಪ್ಪತ್ತೈದು ವರ್ಷದವನೊಬ್ಬ ಇದ್ದಿದ್ದರೆ? ಅವನು ಊಟ ಹೇಗಿದೆ ಅಂತ ಕೇಳ್ತಾನೇ ಇರಲಿಲ್ಲ. ಸೀದಾ ಉಗ್ರಾಣಕ್ಕೆ ಹೋಗಿ ಹಿಟ್ಟಿನ ಮೂಟೆಗೆ ಕೈ ಹಾಕ್ತಿದ್ದ. ಜಮಖಾನದ ಮಡಿಕೆ ನೋಡಿ, ಇದು ನಿನ್ನೆ ಬಿಚ್ಚಿದ್ದು ಅಂತಿದ್ದ. ದೂರಿನ ಪೆಟ್ಟಿಗೆ ಬೀಗದ ಕೈ ಯಾರ ಹತ್ರ ಇದೆ ಅಂತ ಮೊದಲು ಕೇಳ್ತಿದ್ದ.

ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ವಿಚಾರ ಅಲ್ಲ. ನಮ್ಮ ಚರಿತ್ರೆಯಲ್ಲೇ ಇದೆ.

1919ರ ಜನವರಿ 27. ಮತದಾನದ ಹಕ್ಕು ಯಾರಿಗೆ ಕೊಡಬೇಕು ಅಂತ ವಿಚಾರಿಸೋಕೆ ಬಂದಿದ್ದ ಸೌತ್‌ಬರೊ ಸಮಿತಿ ಮುಂದೆ ಬಾಬಾಸಾಹೇಬರು ಸಾಕ್ಷಿ ಹೇಳಿದರು. ನಮ್ಮ ಅಭಿಪ್ರಾಯವನ್ನು ಬೇರೆಯವರು ಹೇಳಿದರೆ ಸಾಲದು, ನಮ್ಮವರೇ ಅಲ್ಲಿ ಕೂರಬೇಕು ಅನ್ನೋದು ಅವರ ವಾದದ ತಿರುಳು. ಶಾಲೆಯಲ್ಲಿ ಗೋಣಿತಾಟು ಹಾಸ್ಕೊಂಡು ಬೇರೆ ಕೂತು, ಜವಾನ ಬಂದು ನೀರು ಹೊಯ್ದರಷ್ಟೇ ಕುಡಿದು ಬೆಳೆದ ಮಗು ಅದು. ಅದನ್ನು ಇನ್ನೊಬ್ಬರು ಓದಿ ತಿಳ್ಕೋಬಹುದು, ಬಾಯಾರಿಕೆ ತಿಳಿಯಲ್ಲ.

1932ಕ್ಕೆ ಬನ್ನಿ. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ. ಅದೇ ತಿಂಗಳ ಕೊನೆಗೆ ಅಸ್ಪೃಶ್ಯತಾ ವಿರೋಧಿ ಲೀಗ್ ಶುರುವಾಯ್ತು. ಮುಂದೆ ಇದಕ್ಕೇ ಹರಿಜನ ಸೇವಕ ಸಂಘ ಅಂತ ಹೆಸರಾಯ್ತು. ಅಧ್ಯಕ್ಷರು ಬಿರ್ಲಾ, ಕಾರ್ಯದರ್ಶಿ ಠಕ್ಕರ್. ಮೊದಲು ಬಾಬಾಸಾಹೇಬರೂ ಅದರ ಕೇಂದ್ರ ಮಂಡಳಿಯಲ್ಲಿದ್ದರು. ಮೂರನೇ ದುಂಡುಮೇಜಿನ ಪರಿಷತ್ತಿಗೆ ಹೋಗುವಾಗ ನವೆಂಬರ್ 14ರಂದು ಹಡಗಿನಿಂದಲೇ ಠಕ್ಕರ್ ಅವರಿಗೆ ಉದ್ದದ ಪತ್ರ ಬರೆದರು. ಈ ಕೆಲಸಕ್ಕೆ ಆದಷ್ಟು ಅಸ್ಪೃಶ್ಯರಿಂದಲೇ ಕಾರ್ಯಕರ್ತರನ್ನು ತಗೊಳ್ಳಿ, ಪ್ರೀತಿ ಇರೋರು ಮಾತ್ರ ಸೇವೆ ಮಾಡಬಲ್ಲರು ಅಂದರು. ಕೂಲಿಗೆ ಬರೋ ಖದೀಮರು ಎರಡೂ ಕಡೆ ಇದ್ದಾರೆ ಅಂತಲೂ ಒಪ್ಪಿಕೊಂಡರು.

ಆ ಪತ್ರಕ್ಕೆ ಉತ್ತರ ಬರಲಿಲ್ಲ, ತಲುಪಿತು ಅನ್ನೋ ಒಂದು ಸಾಲೂ ಬರಲಿಲ್ಲ. ಬಾಬಾಸಾಹೇಬರೇ ಇದನ್ನು ಬರೆದಿಟ್ಟಿದ್ದಾರೆ. ಸಂಘದ ಆಡಳಿತದಲ್ಲಿ ನಮ್ಮವರಿಗೆ ಜಾಗ ಕೊಡಿ ಅಂತ ಕೇಳಿದವರಿಗೆ ಗಾಂಧೀಜಿ ಕೊಟ್ಟ ಉತ್ತರವೂ ಅಲ್ಲೇ ಇದೆ: ಇದು ಸವರ್ಣೀಯರು ಮಾಡಬೇಕಾದ ಪ್ರಾಯಶ್ಚಿತ್ತ, ಆದ್ದರಿಂದ ನಡೆಸಬೇಕಾದವರೂ ಅವರೇ. ನಮ್ಮ ಉದ್ಧಾರದ ಮಂಡಳಿ, ನಮಗೇ ಕುರ್ಚಿ ಇಲ್ಲ.

ಈಗ ಮಕ್ಕಳ ವಿಷಯಕ್ಕೆ ಬರೋಣ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಜಿಲ್ಲೆಗೆ ಒಂದಾದರೂ ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಮಗು ಬಾಲಮಂದಿರಕ್ಕೆ ಹೋಗಬೇಕೋ ಮನೆಗೆ ಹೋಗಬೇಕೋ ಅಂತ ತೀರ್ಮಾನ ಮಾಡೋರು ಇವರು. ಸದಸ್ಯರಾಗೋಕೆ ಮನಶ್ಶಾಸ್ತ್ರ, ಕಾನೂನು, ಸಮಾಜಕಾರ್ಯ ಇಂಥದ್ದರಲ್ಲಿ ಡಿಗ್ರಿ ಇರಬೇಕು, ಅದರ ಜೊತೆಗೆ ಮಕ್ಕಳ ಕ್ಷೇತ್ರದಲ್ಲಿ ಏಳು ವರ್ಷ ಕೆಲಸ ಮಾಡಿರಬೇಕು, ಇಲ್ಲಾ ಅದೇ ವೃತ್ತಿಯಲ್ಲಿರಬೇಕು. 2016ರ ಕೇಂದ್ರದ ಮಾದರಿ ನಿಯಮದ ಪ್ರಕಾರ ವಯಸ್ಸು 35 ದಾಟಿರಬೇಕು. ಬಾಲಮಂದಿರದಲ್ಲಿ ಹತ್ತು ವರ್ಷ ಬೆಳೆದವಳಿಗೆ ಆ ಹತ್ತು ವರ್ಷ ಅನುಭವದ ಲೆಕ್ಕಕ್ಕೆ ಬರಲ್ಲ. ಇನ್ನೊಂದು ನೋಡಿ: ಸೌತ್‌ಬರೊ ಸಮಿತಿ ಮುಂದೆ ನಿಂತಾಗ ಬಾಬಾಸಾಹೇಬರಿಗೆ 27 ವರ್ಷ. ಈ ನಿಯಮದ ಲೆಕ್ಕದಲ್ಲಿ ಅವರಿಗೂ ಕುರ್ಚಿ ಸಿಗ್ತಿರಲಿಲ್ಲ.

ಒಳ್ಳೇದನ್ನೂ ಹೇಳಬೇಕು. ಅದೇ ನಿಯಮದಲ್ಲಿ ಪ್ರತಿ ಪಾಲನಾ ಸಂಸ್ಥೆಯೊಳಗೆ ವಯಸ್ಸಿನ ಪ್ರಕಾರ ಮಕ್ಕಳ ಸಮಿತಿಗಳಿರಬೇಕು ಅಂತಿದೆ. ಆದರೆ ಅಲ್ಲಿ ಮಾತಾಡೋ ಮಗು ರಾತ್ರಿ ಅದೇ ಸೂಪರಿಂಟೆಂಡೆಂಟರ ಛಾವಣಿ ಕೆಳಗೇ ಮಲಗಬೇಕು. ನಮ್ಮ ಹುಡುಗನಿಗೆ ಆಗಿದ್ದು ಅದೇ. ಅದಕ್ಕೇ ಹೊರಗೆ ಬಂದವರು ಬೇಕು. ಅವರಿಗೆ ಒಳಗಿನದು ಗೊತ್ತಿರುತ್ತೆ, ವಾರ್ಡನ್ ಭಯ ಇರಲ್ಲ.

ಮಕ್ಕಳಿಗೇನು ತಿಳಿಯುತ್ತೆ ಅನ್ನೋರಿಗೆ ನಮ್ಮ ರಾಜ್ಯದ್ದೇ ಉತ್ತರ ಇದೆ. ದುಡಿಯೋ ಮಕ್ಕಳೇ ಸೇರಿದ 'ಭೀಮ ಸಂಘ' ಶುರುವಾಗಿದ್ದು 1990ರಲ್ಲಿ. ಅದೇ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯ್ತಿಗಳು ನಡೆದವು. 1996ರಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ದುಡಿಯೋ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲೇ ಸೇರಿ ಹತ್ತು ಬೇಡಿಕೆ ಇಟ್ಟರು. ನಮಗೆ ಸಂಬಂಧಪಟ್ಟ ತೀರ್ಮಾನಗಳಲ್ಲಿ ನಮ್ಮನ್ನೂ ಕೇಳಿ ಅನ್ನೋದು ಅದರಲ್ಲೊಂದು. ಇವತ್ತು ನಡೆಯೋ ಮಕ್ಕಳ ಗ್ರಾಮಸಭೆಯ ಹಿಂದೆ ಆ ಮಕ್ಕಳ ದುಡಿಮೆ ಇದೆ. ಆದರೆ ಗ್ರಾಮಸಭೆ ಊರಿನ ಮಕ್ಕಳದ್ದು. ಬೇಲೂರು ಕಡೆಯಿಂದ ಬಂದು ಅರಸೀಕೆರೆ ಹಾಸ್ಟೆಲಿನಲ್ಲಿರೋ ಹುಡುಗ ಯಾವ ಪಂಚಾಯ್ತಿಯಲ್ಲಿ ಮಾತಾಡಬೇಕು?

ಹೊರದೇಶದಲ್ಲೂ ಇದು ನಡೆದಿದೆ. ಸ್ಕಾಟ್ಲೆಂಡಿನಲ್ಲಿ 2017ರಿಂದ 2020ರವರೆಗೆ ಮಕ್ಕಳ ಪಾಲನಾ ವ್ಯವಸ್ಥೆಯ ದೊಡ್ಡ ವಿಮರ್ಶೆ ನಡೆಯಿತು. 5,500ಕ್ಕೂ ಹೆಚ್ಚು ಜನರ ಅನುಭವ ಕೇಳಿದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಆ ವ್ಯವಸ್ಥೆಯಲ್ಲೇ ಬೆಳೆದವರು ಮತ್ತು ಅಂಥ ಕುಟುಂಬಗಳವರು.

ನಾವು ಕೇಳಬೇಕಾಗಿರೋದು ದೊಡ್ಡದೇನಲ್ಲ. ಬಾಲಮಂದಿರಗಳ ಪರಿಶೀಲನಾ ಸಮಿತಿಗಳನ್ನು ನೇಮಿಸೋದು ರಾಜ್ಯ ಸರ್ಕಾರವೇ. ಮೂರು ತಿಂಗಳಿಗೊಮ್ಮೆ ಭೇಟಿ ಕೊಡಬೇಕು, ತಂಡದಲ್ಲಿ ಮೂರಕ್ಕೆ ಕಡಿಮೆ ಇರಬಾರದು, ಅದರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಬೇಕು ಅಂತ ಕಾಯ್ದೆಯ 54ನೇ ಕಲಂ ಹೇಳುತ್ತೆ. ನಾಲ್ಕನೆಯವರು, ಐದನೆಯವರು ಬೇಡ ಅಂತ ಎಲ್ಲೂ ಹೇಳಿಲ್ಲ. ಅಂಥ ಮನೆಗಳಲ್ಲಿ ಬೆಳೆದ, 21 ದಾಟಿದ ಇಬ್ಬರನ್ನು ಸೇರಿಸಿ. ಒಬ್ಬರನ್ನೇ ಕೂರಿಸಿದರೆ ಫೋಟೋಕ್ಕೆ ಮಾತ್ರ ಆಗ್ತಾರೆ. ಕೂಲಿ ಬಿಟ್ಟು ಬರೋರಿಗೆ ದಿನದ ಭತ್ಯೆ, ಬಸ್ ಚಾರ್ಜ್ ಕೊಡಿ. ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲುಗಳದ್ದು ಬೇರೆ ವ್ಯವಸ್ಥೆ, ಅಲ್ಲಿಯ ತಪಾಸಣೆಗೂ ಹಳೇ ವಿದ್ಯಾರ್ಥಿಗಳನ್ನು ಕರೀರಿ.

ಹಾಸ್ಟೆಲಿನಲ್ಲಿ ಬೆಳೆದೋರೆಲ್ಲ ಒಳ್ಳೆಯವರು ಅಂತ ನಾನು ಹೇಳ್ತಿಲ್ಲ. ಹುಳ ನೋಡಿಯೂ ಸುಮ್ಮನೆ ಕೂತವನು ನಾನೇ. ಆದರೆ ಆ ಮೂಟೆ ಎಲ್ಲಿರುತ್ತೆ ಅಂತ ನನಗೆ ಗೊತ್ತು.

ಈ ಬೇಡಿಕೆ ಇಟ್ಟು ಒಂದು ಮನವಿ ಬರೀತಿದ್ದೀನಿ. ಹಾಸ್ಟೆಲ್, ಬಾಲಮಂದಿರಗಳಲ್ಲಿ ಬೆಳೆದ ತಮ್ಮಂದಿರು, ತಂಗಿಯರು ಸಹಿ ಹಾಕಬೇಕು. ಮೊದಲ ಸಹಿಗೆ ಸಂತೇಲಿ ಸಿಗೋ ಆ ತಮ್ಮನ ಹತ್ರ ಹೋಗ್ತೀನಿ. ಹಾಕ್ತಾನೋ ಬೈತಾನೋ, ನೋಡೋಣ.

ಜೈಭೀಮ್.